ಸುಳೇಭಾವಿಯ ಶಿವಪುತ್ರನ ನಾದಸಾಧನೆ



ದನಿ ದೇವರು ಕೊಟ್ಟದ್ದು ಎಂದು ನಮ್ಮ ಹಿರಿಯರು ಹೇಳುವುದುಂಟು. ಭಜನಾ ಮೇಳದಲ್ಲಿ ಒಬ್ಬನ ಕಂಠ ಇಂಪಾಗಿದ್ದರೆ ಅದು ಅವನ ಪುಣ್ಯವೆನ್ನುತ್ತಾರೆ. ಇನ್ನೊಬ್ಬನದು ಒರಟಾಗಿದ್ದರೆ ಅವನು ಪಡೆದುಕೊಂಡು ಬಂದದ್ದೇ ಅಷ್ಟು ಎಂದು ಸುಮ್ಮನಾಗುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ, ಆದರೆ ಅರ್ಧ ಸತ್ಯ. ದೇವರು ಕೊಟ್ಟ ದನಿಯನ್ನು ರೋಗವು ಕಸಿದುಕೊಂಡ ಮೇಲೆ, ಉಳಿದ ಅರ್ಧ ಉಸಿರಿನಿಂದಲೇ ಬೇರೊಂದು ದನಿಯನ್ನು ಕಟ್ಟಿಕೊಂಡ ಸಾಧಕರೊಬ್ಬರ ಚರಿತ್ರೆಯನ್ನು ಇಂದು ನಿಮ್ಮ ಮುಂದಿಡುತ್ತಿದ್ದೇವೆ. ಅವರು ನಮ್ಮ ಬೆಳಗಾವಿ ಸೀಮೆಯಲ್ಲಿಯೇ ಹುಟ್ಟಿದವರು. ಲೋಕವೆಲ್ಲ ಅವರನ್ನು ಕುಮಾರ ಗಂಧರ್ವ ಎಂದು ಕರೆಯಿತು. ತಂದೆತಾಯಿ ಇಟ್ಟ ಹೆಸರು ಶಿವಪುತ್ರ. ಶಿವಪುತ್ರ ಸಿದ್ಧರಾಮಯ್ಯ ಕೋಂಕಾಳಿಮಠ ಎಂಬುದು ಪೂರ್ಣ ನಾಮಧೇಯ.

1924ನೆಯ ಇಸವಿ ಏಪ್ರಿಲ್ 8ರಂದು ಬೆಳಗಾವಿ ಬಳಿಯ ಸುಳೇಭಾವಿ ಗ್ರಾಮದ ವೀರಶೈವ ಮನೆತನದಲ್ಲಿ ಅವರ ಜನನವಾಯಿತು. ತಂದೆ ಸಿದ್ಧರಾಮಯ್ಯನವರು ಸ್ವತಃ ಹಾಡುವವರು. ಕುಂದಗೋಳದ ಸವಾಯಿ ಗಂಧರ್ವರು ನಮ್ಮ ಭಾಗದಲ್ಲಿ ಮನೆಮಾತಾಗಿದ್ದ ಕಾಲವದು. ಮನೆಮನೆಗೆ ಅಲ್ಲದಿದ್ದರೂ ಊರಿಗೊಂದು ಗ್ರಾಮಫೋನು ಬರತೊಡಗಿತ್ತು. ಅಬ್ದುಲ್ ಕರೀಂ ಖಾನರಂಥ ದೊಡ್ಡವರ ತಟ್ಟೆಗಳನ್ನು ಕೇಳಿದ ಈ ಬಾಲಕ, ಯಾರೂ ಕಲಿಸದೆಯೇ ಅವನ್ನು ಹಾಗೆಹಾಗೆಯೇ ಹಾಡತೊಡಗಿದ. ಹಾಗೆಹಾಗೆಯೇ ಎಂದರೆ ಬರಿಯ ಧಾಟಿಯಲ್ಲ. ಆ ಗಾಯಕರು ಎಲ್ಲಿ ಉಸಿರು ಎಳೆದುಕೊಂಡರು, ಎಲ್ಲಿ ಸ್ವರವನ್ನು ತುಸು ಜಾರಿಸಿದರು, ಎಲ್ಲಿ ಕಂಠವನ್ನು ನಡುಗಿಸಿದರು ಎಂಬುದೆಲ್ಲವೂ ತಪ್ಪದೆ ಬರುತ್ತಿತ್ತು. ಕೇಳಿದವರು ಬೆರಗಾದರು. ಆಗಿನ ಒಬ್ಬ ಮಠಾಧೀಶರು ಏಳು ವರ್ಷದ ಈ ಶಿಶುವಿಗೆ ಕುಮಾರ ಗಂಧರ್ವ ಎಂಬ ಬಿರುದನ್ನು ದಯಪಾಲಿಸಿದರು. ಬಿರುದೇ ಹೆಸರಾಗಿ ನಿಂತಿತು. ಹುಡುಗನನ್ನು ಊರೂರಿಗೆ ಕರೆದೊಯ್ದು ಹಾಡಿಸುವುದೂ ಆರಂಭವಾಯಿತು.

ಇಲ್ಲಿ ಒಂದು ಮಾತನ್ನು ಹಿರಿಯರು ಗಮನಿಸಬೇಕು. ನಾಲ್ಕು ಮಂದಿಯ ಎದುರು ಹುಡುಗನನ್ನು ನಿಲ್ಲಿಸಿ ಹಾಡಿಸಿ ಚಪ್ಪಾಳೆ ಹೊಡೆಯುವುದು ಎಲ್ಲ ತಂದೆತಾಯಿಗಳಿಗೂ ಪ್ರಿಯವಾದದ್ದು. ಆದರೆ ಆ ಬಾಲಕನ ಬಾಯಿಂದ ಹೊರಟ ದನಿ ಅವನದಾಗಿರಲಿಲ್ಲ. ಇಂದು ಒಬ್ಬ ಖಾನಸಾಹೇಬರು, ನಾಳೆ ಇನ್ನೊಬ್ಬ ಪಂಡಿತರು ಅವನ ಕಂಠದಲ್ಲಿ ಬಂದು ಹಾಡಿ ಹೋಗುತ್ತಿದ್ದರು. ತಾನು ಹಾಡುತ್ತಿರುವ ರಾಗ ಯಾವುದು, ಅದರ ಸ್ವರಗಳೇನು ಎಂಬುದು ಅವನಿಗೆ ತಿಳಿಯದು. ಗಿಳಿಯೂ ಶಿವನಾಮ ನುಡಿಯುತ್ತದೆ, ಹಾಗೆಂದು ಅದನ್ನು ಯಾರೂ ಶಿವಭಕ್ತ ಎನ್ನುವುದಿಲ್ಲ.

ತಂದೆಗೆ ಈ ವಿವೇಕವಿತ್ತೆಂದೇ ಹೇಳಬೇಕು. 1936ರಲ್ಲಿ ಮುಂಬಯಿಯ ಜಿನ್ನಾ ಹಾಲಿನಲ್ಲಿ ನಡೆದ ಸಂಗೀತ ಸಮ್ಮೇಳನದಲ್ಲಿ ಬಾಲಕ ಹಾಡಿ ದೊಡ್ಡ ದೊಡ್ಡ ಉಸ್ತಾದರನ್ನು ತಲೆದೂಗಿಸಿದ. ಗಳಿಕೆಯ ದಾರಿ ಹೀಗೆ ತೆರೆದಿದ್ದರೂ ಅವನನ್ನು ಪ್ರೊಫೆಸರ್ ಬಿ. ಆರ್. ದೇವಧರರ ಸಂಗೀತ ಶಾಲೆಯಲ್ಲಿ ಗುರುವಿನ ವಶಕ್ಕೆ ಒಪ್ಪಿಸಲಾಯಿತು. ಆಗ ವಯಸ್ಸು ಹನ್ನೊಂದೋ ಹನ್ನೆರಡೋ.

ದೇವಧರರು ಗ್ವಾಲಿಯರ್ ಪರಂಪರೆಯ ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು. ಆದರೆ ಒಂದೇ ಬಾಗಿಲಿನ ಮನೆಯವರಲ್ಲ. ಪಾಶ್ಚಾತ್ಯ ಸಂಗೀತವನ್ನೂ ಅಭ್ಯಾಸ ಮಾಡಿದವರು. ಕಂಠವೆಂಬುದು ಹೇಗೆ ಕೆಲಸ ಮಾಡುತ್ತದೆ, ಉಸಿರು ಎಲ್ಲಿಂದ ಹೊರಡಬೇಕು, ಗಂಟಲನ್ನು ಬಿಗಿಹಿಡಿದರೆ ಏನು ಕೆಡುತ್ತದೆ ಎಂಬುದನ್ನು ಶಾಸ್ತ್ರವಾಗಿ ಶೋಧಿಸಿದವರು. ನಮ್ಮಲ್ಲಿ ಬಹುಮಂದಿ ಗವಾಯಿಗಳು ಬೆಳಗಿನ ಜಾವ ಎದ್ದು ಗಂಟೆಗಟ್ಟಲೆ ಕೂಗುವುದನ್ನೇ ಸಾಧನೆಯೆಂದು ತಿಳಿದಿದ್ದ ಕಾಲದಲ್ಲಿ ಇದು ಹೊಸ ವಿಚಾರವೇ ಸರಿ. ಅವರ ಶಾಲೆಗೆ ಬೇರೆ ಬೇರೆ ಘರಾಣೆಗಳ ವಿದ್ವಾಂಸರು ಬರುತ್ತಿದ್ದರು. ಬಡೇ ಗುಲಾಂ ಅಲಿ ಖಾನರು ಬರುತ್ತಿದ್ದರು, ಫಕೀರರಂತೆ ತಿರುಗುತ್ತಿದ್ದ ಸಿಂಧೇ ಖಾನರೂ ಬರುತ್ತಿದ್ದರು. ಬಾಲಕ ಶಿವಪುತ್ರ ಒಂದು ಮೂಲೆಯಲ್ಲಿ ಕುಳಿತು ಎಲ್ಲರನ್ನೂ ಕೇಳಿದ. ಅಂಜನೀಬಾಯಿ ಮಾಲಪೇಕರರಲ್ಲಿಯೂ ಪಾಠ ಹೇಳಿಸಿಕೊಂಡ. ಇಪ್ಪತ್ತು ತುಂಬುವ ಮೊದಲೇ ಅದೇ ಶಾಲೆಯಲ್ಲಿ ತಾನೇ ಪಾಠ ಹೇಳುವಷ್ಟು ಬೆಳೆದ.

ಖಯಾಲ್ ಗಾಯನವೆಂದರೆ ಏನೆಂದು ಹಳ್ಳಿಯ ಹಿರಿಯರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅದರಲ್ಲಿ ಮೊದಲೇ ಕಟ್ಟಿಟ್ಟ ಸಾಹಿತ್ಯ ಎರಡು ಮೂರು ಸಾಲು ಮಾತ್ರ. ನಮ್ಮ ಭಾಗದ ಗವಾಯಿಗಳು ಅದನ್ನು ಚೀಜು ಎನ್ನುತ್ತಾರೆ. ಉಳಿದ ಅರ್ಧ ತಾಸು, ಒಂದು ತಾಸು ಹಾಡುವುದೆಲ್ಲ ಆ ಕ್ಷಣದಲ್ಲಿಯೇ ಹುಟ್ಟಬೇಕು. ಶ್ರಾವಣ ಮಾಸದಲ್ಲಿ ಪುರಾಣ ಹೇಳುವ ಶಾಸ್ತ್ರಿಗಳನ್ನು ನೆನೆಯಿರಿ. ಪುಸ್ತಕದಲ್ಲಿರುವುದು ಒಂದು ಷಟ್ಪದಿ. ಅದನ್ನು ಹಿಡಿದು ಅವರು ಆ ರಾತ್ರಿಯೆಲ್ಲ ಬೆಳೆಸುತ್ತಾರೆ. ಎದುರಿಗೆ ಕುಳಿತವರ ಮುಖ ನೋಡಿ ಒಂದು ದೃಷ್ಟಾಂತ ಸೇರಿಸುತ್ತಾರೆ, ಒಂದನ್ನು ಬಿಡುತ್ತಾರೆ. ಷಟ್ಪದಿಯ ಅರ್ಥವನ್ನು ಮಾತ್ರ ದಾಟುವುದಿಲ್ಲ. ಖಯಾಲ್ ಹಾಡುವವನೂ ಹಾಗೆಯೇ ರಾಗದ ಎಲ್ಲೆಯೊಳಗೆ ನಿಂತು ಮನಸ್ಸಿಗೆ ಆಗ ಹೊಳೆದದ್ದನ್ನು ಹಾಡುತ್ತಾನೆ. ಅದಕ್ಕೆ ವಿದ್ಯೆ ಬೇಕು, ಕಲ್ಪನೆ ಬೇಕು, ಮತ್ತು ಹೊಳೆದದ್ದನ್ನು ಮರುಕ್ಷಣವೇ ನುಡಿಯಬಲ್ಲ ಪಳಗಿದ ಕಂಠ ಬೇಕು. ದೀರ್ಘವಾದ ಉಸಿರಂತೂ ಬೇಕೇ ಬೇಕು. ಒಂದೇ ಉಸಿರಿನಲ್ಲಿ ಎಷ್ಟು ಉದ್ದದ ತಾನ ಹೊಡೆದ ಎಂಬುದರ ಮೇಲೆ ಗವಾಯಿಯ ಬಲವನ್ನು ಅಳೆಯುತ್ತಿದ್ದ ದಿನಗಳವು.

ಆ ಉಸಿರೇ ಹೋಯಿತು.

1947ರಲ್ಲಿ ಅವರ ಮದುವೆಯಾಯಿತು. ಪತ್ನಿ ಭಾನುಮತಿ, ದೇವಧರರ ಶಾಲೆಯ ವಿದ್ಯಾರ್ಥಿನಿಯೇ. ಹೆಸರು, ಸಂಸಾರ, ಸಭೆ ಎಲ್ಲವೂ ಕೈಗೂಡುತ್ತಿದ್ದ ಆ ಹೊತ್ತಿನಲ್ಲಿ ಕ್ಷಯರೋಗ ಕಾಣಿಸಿಕೊಂಡಿತು. ಆಗಿನ ಕ್ಷಯವೆಂದರೆ ಈಗಿನಂತೆ ಗುಳಿಗೆ ನುಂಗಿ ವಾಸಿ ಮಾಡಿಕೊಳ್ಳುವ ರೋಗವಲ್ಲವೆಂಬುದು ನಿಮ್ಮಲ್ಲಿ ಎಂಬತ್ತು ದಾಟಿದವರಿಗೆ ಚೆನ್ನಾಗಿ ಗೊತ್ತು. ಮುಂಬಯಿಯ ತೇವದ ಗಾಳಿ ಬಿಟ್ಟು ಒಣಹವೆಯ ಸೀಮೆಗೆ ಹೋಗಬೇಕು, ಇನ್ನು ಹಾಡುವ ಮಾತೇ ಇಲ್ಲ, ಹಾಡಿದರೆ ಪ್ರಾಣಕ್ಕೇ ಅಪಾಯ ಎಂದು ವೈದ್ಯರು ಹೇಳಿದರು. 1948ರಲ್ಲಿ ದಂಪತಿಗಳು ಮಧ್ಯಭಾರತದ ಮಾಳವ ಪ್ರಾಂತಕ್ಕೆ, ಇಂದೂರಿನ ಹತ್ತಿರದ ದೇವಾಸ ಎಂಬ ಊರಿಗೆ ಬಂದು ನೆಲೆಸಿದರು. ಇಪ್ಪತ್ತಮೂರು ಇಪ್ಪತ್ತನಾಲ್ಕರ ಪ್ರಾಯದ ಗಾಯಕ ಹಾಸಿಗೆ ಹಿಡಿದು ಮಲಗಿದ. ಭಾನುಮತಿಯವರು ಶಿಕ್ಷಕಿಯಾಗಿ ದುಡಿದು ಮನೆ ನಡೆಸಿದರು, ಗಂಡನ ಪಥ್ಯಪಾನ ನೋಡಿದರು. ಆ ತಾಯಿಯ ಸೇವೆಯನ್ನು ಸಂಗೀತದ ಚರಿತ್ರೆ ಬರೆಯುವವರು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅದು ನ್ಯಾಯವಲ್ಲ.

ಹಾಡಬಾರದೆಂದು ವಿಧಿಸಿದ ವೈದ್ಯರು ಕೇಳಬಾರದೆಂದು ವಿಧಿಸಿರಲಿಲ್ಲ. ಹಾಸಿಗೆಯ ಮೇಲಿದ್ದ ಶಿವಪುತ್ರ ಕೇಳುತ್ತಾ ಹೋದರು. ಗಾಳಿ, ಹಕ್ಕಿಗಳು, ಬೀದಿಯಲ್ಲಿ ಹೋಗುವ ಭಿಕ್ಷುಕರ ಹಾಡು, ಮದುವೆಯ ಮನೆಗಳಲ್ಲಿ, ಹಬ್ಬಹುಣ್ಣಿಮೆಗಳಲ್ಲಿ ಮಾಳವದ ಹೆಣ್ಣುಮಕ್ಕಳು ಹೇಳುವ ಪದಗಳು. ದೇವಾಸದಲ್ಲಿ ಶೀಲನಾಥರೆಂಬ ಯೋಗಿಗಳ ಧುನಿ ಇದೆ. ನಾಥಪಂಥದ ಜೋಗಿಗಳ ನಿರ್ಗುಣ ಪದಗಳು ಆ ಸೀಮೆಯ ಗಾಳಿಯಲ್ಲಿಯೇ ಇದ್ದವು. ಮೊದಲು ಗ್ರಾಮಫೋನು ತಟ್ಟೆ ಕೇಳಿದ ಕಿವಿಯೇ ಇದೂ. ಆದರೆ ಆಗ ಕೇಳಿದ್ದು ಮರುದಿನವೇ ಹಾಡಿ ತೋರಿಸಲಿಕ್ಕೆ. ಈಗ ಹಾಡುವಂತಿಲ್ಲ. ಕೇಳಿದ್ದೆಲ್ಲ ಒಳಗೇ ಉಳಿಯಿತು, ಒಳಗೇ ಮಾಗಿತು. ಪಕ್ಕದಲ್ಲಿದ್ದವರಿಗೂ ಕೇಳದಷ್ಟು ಮೆಲ್ಲಗೆ ಗುನುಗಿಕೊಳ್ಳುತ್ತಿದ್ದರಂತೆ. ಮೌನವನ್ನು ವ್ರತವಾಗಿ ಹಿಡಿದವರುಂಟು. ಇವರಿಗೆ ಅದು ರೋಗದ ರೂಪದಲ್ಲಿ ಬಂದಿತು.

1952ರಲ್ಲಿ ಸ್ಟ್ರೆಪ್ಟೋಮೈಸಿನ್ ಎಂಬ ಔಷಧ ಅವರಿಗೆ ದೊರೆಯಿತು. ನಿಧಾನವಾಗಿ ಚೇತರಿಸಿಕೊಂಡರು. 1953ರಲ್ಲಿ ಮತ್ತೆ ಸಭೆಯಲ್ಲಿ ಕುಳಿತು ಹಾಡಿದರು. ಆದರೆ ಎರಡು ಪುಪ್ಪಸಗಳಲ್ಲಿ ಒಂದು ಕೆಲಸಕ್ಕೆ ಬಾರದಂತಾಗಿತ್ತು.

ಸಾಧಾರಣ ಮನುಷ್ಯನಾದರೆ ಏನು ಮಾಡುತ್ತಿದ್ದ? ಮೊದಲು ಹಾಡುತ್ತಿದ್ದ ರೀತಿಯಲ್ಲಿಯೇ ಹಾಡಲು ಹೆಣಗಿ, ಅರ್ಧಕ್ಕೇ ಉಸಿರು ಸಾಲದೆ, ಕೇಳುವವರ ಕನಿಕರಕ್ಕೆ ಪಾತ್ರನಾಗುತ್ತಿದ್ದ. ಇಲ್ಲವೇ ಪಾಠ ಹೇಳಿಕೊಂಡು ಕಾಲ ಕಳೆಯುತ್ತಿದ್ದ. ಕುಮಾರ ಗಂಧರ್ವರು ಹಾಗೆ ಮಾಡಲಿಲ್ಲ. ತುಂಬಿದ ಬಾವಿಯಿದ್ದ ರೈತ ಮನಬಂದಂತೆ ನೀರು ಹಾಯಿಸುತ್ತಾನೆ. ಬಾವಿಯ ನೀರು ಅರ್ಧಕ್ಕಿಳಿದ ರೈತ ಮೊದಲು ಕಾಲುವೆಯ ಸೋರಿಕೆ ಮುಚ್ಚುತ್ತಾನೆ, ಮಡಿಗಳನ್ನು ಸಣ್ಣದು ಮಾಡುತ್ತಾನೆ, ಯಾವ ಸಾಲಿಗೆ ಯಾವಾಗ ಎಷ್ಟು ನೀರು ಎಂದು ಲೆಕ್ಕ ಹಾಕುತ್ತಾನೆ. ಅವರು ತಮ್ಮ ಉಸಿರನ್ನು ಹೀಗೆ ಲೆಕ್ಕ ಹಾಕಿದರು. ಉದ್ದುದ್ದದ ತಾನಗಳ ಬದಲಿಗೆ ಸಣ್ಣ ಸಣ್ಣ ಸ್ವರಗುಚ್ಛಗಳನ್ನು ಹಾಡಿದರು. ಮಿಂಚು ಹೊಳೆದಂತೆ ಒಂದು ತಾನ, ಕೂಡಲೇ ವಿರಾಮ. ಅತಿ ವಿಲಂಬದ ಗತಿಗಿಂತ ಮಧ್ಯಲಯದ ಚೀಜುಗಳಿಗೆ ಹೆಚ್ಚು ಒಲಿದರು. ಮಂದ್ರದಲ್ಲಿ ಪಿಸುನುಡಿದಂತೆ ಇದ್ದ ದನಿ ಒಮ್ಮೆಗೇ ತಾರಕ್ಕೆ ಚಿಮ್ಮುತ್ತಿತ್ತು. ಹಾಗೆ ಚಿಮ್ಮಿದ ಸ್ವರ ಕೂದಲೆಳೆಯಷ್ಟೂ ಅತ್ತಿತ್ತ ಆಗದೆ ತನ್ನ ಜಾಗದಲ್ಲಿಯೇ ಹೋಗಿ ನಿಲ್ಲುತ್ತಿತ್ತು.

ವಿರಾಮ ಎಂದೆವಲ್ಲ, ಮುಖ್ಯ ವಿಷಯ ಅಲ್ಲಿಯೇ ಇದೆ. ಗಾಯಕ ಸುಮ್ಮನಾದಾಗ ಸಭೆಯಲ್ಲಿ ಉಳಿಯುವುದು ತಂಬೂರಿಯ ನಾದ. ಕುಮಾರ ಗಂಧರ್ವರು ತಂಬೂರಿ ಶ್ರುತಿ ಮಾಡುವುದಕ್ಕೆ ವ್ಯಯಿಸುತ್ತಿದ್ದ ಸಮಯವನ್ನೂ ಶ್ರದ್ಧೆಯನ್ನೂ ಅವರ ಸಭೆ ಕಂಡವರೆಲ್ಲ ನೆನೆಯುತ್ತಾರೆ. ಎರಡು ತಂಬೂರಿಗಳು, ಹಾಡಲಿರುವ ರಾಗಕ್ಕೆ ತಕ್ಕ ಶ್ರುತಿ, ತಂತಿಯ ಕೆಳಗಿನ ನೂಲನ್ನು ಸರಿಸಿ ಸರಿಸಿ ಝೇಂಕಾರ ತುಂಬಿ ಬರುವವರೆಗೆ ಅವರು ಬಾಯಿ ತೆರೆಯುತ್ತಿರಲಿಲ್ಲ. ಆ ನಾದ ತುಂಬಿದ ಮೇಲೆ ಗಾಯಕ ಎಲ್ಲವನ್ನೂ ತಾನೇ ತುಂಬಬೇಕಾಗಿಲ್ಲ. ಒಂದು ಸ್ವರ ಇಟ್ಟು ಸುಮ್ಮನಾದರೆ ತಂಬೂರಿ ಅದನ್ನು ಎತ್ತಿಕೊಂಡು ನಡೆಸುತ್ತದೆ. ಉಸಿರು ತಿರುಗಿ ಬರುವವರೆಗಿನ ಆ ಬಿಡುವು ಕೇಳುವವನಿಗೆ ಕೊರತೆಯಾಗಿ ತೋರುವುದಿಲ್ಲ, ಹಾಡಿನ ಅಂಗವಾಗಿಯೇ ಕೇಳಿಸುತ್ತದೆ. ತಬಲಾದ ವಸಂತ ಆಚರೇಕರರು ಈ ಮರ್ಮವನ್ನು ಅರಿತು ಬಹುಕಾಲ ಅವರಿಗೆ ಸಾಥ್ ನೀಡಿದರು. ನುಡಿಸಬೇಕಾದಷ್ಟೇ ನುಡಿಸುವುದು ದೊಡ್ಡ ವಿದ್ಯೆ.

ಹಾಸಿಗೆಯ ಮೇಲೆ ಕೇಳಿದ ಮಾಳವದ ಹಾಡುಗಳು ಅವರ ಕೈಬಿಡಲಿಲ್ಲ. ಆರೋಗ್ಯ ತಿರುಗಿದ ಮೇಲೆ ನೂರಾರು ಜಾನಪದ ಧಾಟಿಗಳನ್ನು ಸಂಗ್ರಹಿಸಿ ಸ್ವರಲಿಪಿ ಹಾಕಿದರು. ನಾಲ್ಕೈದು ಸ್ವರಗಳೊಳಗೇ ಸುತ್ತುವ ಆ ಹಳ್ಳಿಯ ಧಾಟಿಗಳಲ್ಲಿ ಒಂದೊಂದು ರಾಗದ ಬೀಜವಿರುವುದನ್ನು ಕಂಡರು. ರಾಗಗಳು ಹುಟ್ಟಿದ್ದೇ ಜನರ ಧಾಟಿಗಳಿಂದ, ಶಾಸ್ತ್ರ ಬಂದದ್ದು ಆಮೇಲೆ ಎಂಬುದು ಅವರ ನಿಲುವು. ಅದನ್ನು ಬಾಯಲ್ಲಿ ಹೇಳಿ ಬಿಡದೆ ಮಾಲವತಿ, ಸಂಜಾರಿ, ಲಗನ ಗಾಂಧಾರ, ಸಹೇಲಿ ತೋಡಿ ಮೊದಲಾದ ಹೊಸ ರಾಗಗಳನ್ನು ಆ ಧಾಟಿಗಳಿಂದಲೇ ಎತ್ತಿ ಹಾಡಿ ತೋರಿಸಿದರು. ಇವನ್ನು ಧುನ್‌ಉಗಮ ರಾಗಗಳೆಂದು ಕರೆದರು. 1965ರಲ್ಲಿ ಅವರ ರಚನೆಗಳ ಸಂಗ್ರಹ ಅನೂಪರಾಗವಿಲಾಸ ಎಂಬ ಹೆಸರಿನಿಂದ ಪ್ರಕಟವಾಯಿತು. ಮಳೆಗಾಲದ ಹಾಡುಗಳನ್ನೆಲ್ಲ ಒಂದು ಸಭೆಯಲ್ಲಿ, ವಸಂತದವನ್ನು ಇನ್ನೊಂದು ಸಭೆಯಲ್ಲಿ, ಹೀಗೆ ಋತುವಿಗೊಂದು ಕಾರ್ಯಕ್ರಮ ಹೆಣೆದರು. ಅದರಲ್ಲಿ ಶಾಸ್ತ್ರೀಯ ಚೀಜಿನ ಪಕ್ಕದಲ್ಲಿಯೇ ಹಳ್ಳಿಯ ಹಾಡು ಸಂಕೋಚವಿಲ್ಲದೆ ಕುಳಿತಿರುತ್ತಿತ್ತು.

ಇದನ್ನೆಲ್ಲ ಎಲ್ಲರೂ ಒಪ್ಪಿದರೆಂದಲ್ಲ. ಘರಾಣೆಯ ಮರ್ಯಾದೆ ಮೀರಿದನೆಂದು ಆಕ್ಷೇಪಿಸಿದವರಿದ್ದರು. ವಿಲಂಬವನ್ನು ಬೆಳೆಸುವುದಿಲ್ಲ, ರಾಗವನ್ನು ಒಂದೊಂದೇ ಮೆಟ್ಟಿಲಾಗಿ ಏರಿಸುವುದಿಲ್ಲ, ತುಂಡುತುಂಡಾಗಿ ಹಾಡುತ್ತಾನೆ ಎಂದವರಿದ್ದರು. ಶಾಸ್ತ್ರಾಭ್ಯಾಸದ ಶಿಸ್ತಿನಲ್ಲಿ ಬೆಳೆದ ನಮಗೆ ಆ ವಿದ್ವಾಂಸರ ಕಳವಳ ಅರ್ಥವಾಗುತ್ತದೆ. ಮೆಟ್ಟಿಲು ಬಿಟ್ಟು ಹಾರುವುದನ್ನು ನೋಡಿ ಎಳೆಯರು ಮೆಟ್ಟಿಲೇ ಬೇಡವೆಂದುಕೊಂಡಾರೆಂಬ ಭಯ ಅದು. ಆದರೆ ಕುಮಾರ ಗಂಧರ್ವರು ಮೆಟ್ಟಿಲು ಹತ್ತದೆ ಹಾರಿದವರಲ್ಲ. ದೇವಧರರ ಪಾದದಡಿ ಹತ್ತು ವರ್ಷಕ್ಕೂ ಮಿಕ್ಕಿ ಹತ್ತಿ ಇಳಿದು ಹತ್ತಿದವರು. ಅಡಿಪಾಯವೇ ಇಲ್ಲದೆ ಪುಪ್ಪಸ ಕಳೆದುಕೊಂಡಿದ್ದರೆ ಕೇಳಿದ್ದನ್ನು ಇಡಲು ಅವರ ಒಳಗೆ ಜಾಗವೇ ಇರುತ್ತಿರಲಿಲ್ಲ. ಅವರ ಹೊಸತನ್ನು ಮೆಚ್ಚಿ ಹಳೆಯ ಅಭ್ಯಾಸವನ್ನು ಮರೆಯುವವರೂ, ಹಳೆಯದರ ನೆಪದಲ್ಲಿ ಹೊಸತನ್ನು ಜರೆಯುವವರೂ ಒಂದೇ ತಪ್ಪು ಮಾಡುತ್ತಾರೆಂದು ನಮಗೆ ತೋರುತ್ತದೆ.

1961ರಲ್ಲಿ ಇನ್ನೊಂದು ಸಿಡಿಲು ಬಡಿಯಿತು. ಎರಡನೆಯ ಮಗನ ಹೆರಿಗೆಯಲ್ಲಿ ಭಾನುಮತಿಯವರು ತೀರಿಕೊಂಡರು. ಸಾವಿನ ಬಾಯಿಂದ ಗಂಡನನ್ನು ಹಿಂದಕ್ಕೆ ಎಳೆದ ಸಾಧ್ವಿ ತಾನೇ ಹೋದಳು. ದೇವಾಸದ ಟೇಕಡಿಯ ಬುಡದಲ್ಲಿರುವ ಅವರ ಮನೆಗೆ ಭಾನುಕುಲ ಎಂಬ ಹೆಸರು ಉಳಿಯಿತು. ಅನಂತರ ದೇವಧರರ ಶಿಷ್ಯೆಯೇ ಆದ ವಸುಂಧರಾ ಶ್ರೀಖಂಡೆಯವರು ಆ ಮನೆಗೆ ಪತ್ನಿಯಾಗಿ ಬಂದರು, ಸಭೆಯಲ್ಲಿ ಅವರ ಪಕ್ಕದಲ್ಲಿ ಕುಳಿತು ದನಿಗೂಡಿಸಿದರು. ನಿರ್ಗುಣ ಪದಗಳ ಧ್ವನಿಮುದ್ರಿಕೆಗಳಲ್ಲಿ ಆ ಎರಡು ದನಿಗಳನ್ನು ಒಟ್ಟಿಗೆ ಇಂದಿಗೂ ಕೇಳಬಹುದು.

ಆ ನಿರ್ಗುಣ ಪದಗಳ ವಿಷಯವನ್ನು ಹೇಳದಿದ್ದರೆ ಈ ಚರಿತ್ರೆ ಅಪೂರ್ಣ. ಕಬೀರದಾಸರ ಪದಗಳನ್ನು ಅದುವರೆಗೆ ಬಹುಮಂದಿ ಮಧುರವಾಗಿ, ಭಾವುಕವಾಗಿ ಹಾಡುತ್ತಿದ್ದರು. ಕುಮಾರ ಗಂಧರ್ವರು ಮಾಧುರ್ಯವನ್ನು ಬೆನ್ನಟ್ಟಲಿಲ್ಲ. ಊರ ಹೊರಗೆ ಒಬ್ಬನೇ ನಡೆಯುವ ಜೋಗಿ ಯಾರಿಗಾಗಿಯೂ ಅಲ್ಲದೆ ಕೂಗಿದಂತೆ ಕೂಗಿದರು. ಎತ್ತರಕ್ಕೆ ಎಸೆದ ಸ್ವರ, ಹಠಾತ್ತನೆ ಕಡಿದ ನುಡಿ, ಆಮೇಲೆ ಏನೂ ಇಲ್ಲದ ಒಂದು ಅಂತರ. ನಿರಾಕಾರವನ್ನು ಹಾಡಿನಲ್ಲಿ ತೋರಿಸುವುದು ಹೇಗೆ? ಅಲಂಕಾರ ಹೆಚ್ಚಿದಷ್ಟೂ ಅದು ಆಕಾರವಾಗುತ್ತದೆ. ಬಯಲು ಎಂಬ ಮಾತನ್ನು ಅಲ್ಲಮಪ್ರಭುಗಳ ನಾಡಿನವರಾದ ನಾವು ದಿನವೂ ಆಡುತ್ತೇವೆ. ಆ ಪದಗಳ ನಡುವಿನ ಮೌನವನ್ನು ಕೇಳುವಾಗ ಕಿವಿಗೆ ಅದರ ಸುಳಿವು ದೊರೆತಂತಾಗುತ್ತದೆ. ಉಸಿರು ಸಾಲದ ದೇಹಕ್ಕೆ ಬೇಕಾಗಿದ್ದ ಬಿಡುವೂ ನಿರ್ಗುಣದ ಪದಕ್ಕೆ ಬೇಕಾಗಿದ್ದ ಬಿಡುವೂ ಅಲ್ಲಿ ಒಂದೇ ಆಗಿಬಿಟ್ಟವು. ಕಬೀರ, ಸೂರದಾಸ, ಮೀರಾ ಮೂವರ ಪದಗಳನ್ನು ಕೂಡಿಸಿ ತ್ರಿವೇಣಿ ಎಂಬ ಕಾರ್ಯಕ್ರಮ ಮಾಡಿದರು. ತುಲಸೀದಾಸರನ್ನೂ ತುಕಾರಾಮರನ್ನೂ ಹಾಡಿದರು.

ಇನ್ನೊಂದು ಪ್ರಯೋಗ ನಮಗೆ ಬಹಳ ಪ್ರಿಯವಾದದ್ದು. ಮರಾಠಿ ರಂಗಭೂಮಿಯ ಬಾಲಗಂಧರ್ವರ ಹಾಡುಗಳನ್ನು ಆಯ್ದು, ತಾವು ಕಂಡ ಬಾಲಗಂಧರ್ವರೆಂಬ ಅರ್ಥದ ಹೆಸರಿಟ್ಟು ಒಂದು ಪೂರ್ಣ ಕಾರ್ಯಕ್ರಮ ರೂಪಿಸಿದರು. ಎಳೆತನದಲ್ಲಿ ಪರರ ದನಿಯನ್ನು ತಮಗರಿವಿಲ್ಲದೆ ಎತ್ತಿಕೊಂಡು ಹಾಡಿದವರು, ಈಗ ಪರರ ಹಾಡನ್ನು ಅರಿತು ತಮ್ಮ ದನಿಯಲ್ಲಿ ಹಾಡಿದರು. ಬಾಲಗಂಧರ್ವರ ಚಹರೆ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ಯಾರು ಹಾಡುತ್ತಿದ್ದಾರೆ ಎಂಬ ಬಗ್ಗೆ ಕುರುಡನಿಗೂ ಸಂಶಯ ಬರುತ್ತಿರಲಿಲ್ಲ.

ಭಾರತ ಸರಕಾರ 1977ರಲ್ಲಿ ಪದ್ಮಭೂಷಣವನ್ನೂ 1990ರಲ್ಲಿ ಪದ್ಮವಿಭೂಷಣವನ್ನೂ ನೀಡಿತು. ಹಾಡಿದರೆ ಪ್ರಾಣ ಹೋಗುತ್ತದೆಂದು ವೈದ್ಯರು ಎಚ್ಚರಿಸಿದ್ದ ಆ ದೇಹ 1953ರಿಂದ ಮುಂದೆ ಸುಮಾರು ನಾಲ್ಕು ದಶಕಗಳ ಕಾಲ ಹಾಡಿತು. 1992ರ ಜನವರಿ 12ರಂದು ದೇವಾಸದಲ್ಲಿಯೇ ಅವರು ಲಿಂಗೈಕ್ಯರಾದರು. ವಸುಂಧರಾ ಅವರು 2015ರವರೆಗೆ ಇದ್ದು ಶಿಷ್ಯರಿಗೆ ಪಾಠ ಹೇಳಿದರು. ಹಿರಿಯ ಮಗ ಮುಕುಲ ಶಿವಪುತ್ರರು ತಂದೆಯ ಹುಟ್ಟುಹೆಸರನ್ನೇ ತಮ್ಮ ಹೆಸರಿನೊಡನೆ ಇಟ್ಟುಕೊಂಡರು. ಮಗಳು ಕಲಾಪಿನಿ ಕೋಂಕಾಳಿ, ಮೊಮ್ಮಗ ಭುವನೇಶ ಕೋಂಕಾಳಿ ಅದೇ ವಿದ್ಯೆಯನ್ನು ಹಿಡಿದು ಹಾಡುತ್ತಿದ್ದಾರೆ. 2024ಕ್ಕೆ ಕುಮಾರ ಗಂಧರ್ವರು ಹುಟ್ಟಿ ನೂರು ವರ್ಷ ತುಂಬಿತು. ಸುಳೇಭಾವಿಯಿಂದ ಹೊರಟ ಆ ಮನೆತನದ ಹೆಸರಿನಲ್ಲಿದ್ದ ಮಠ ಎಂಬ ಎರಡಕ್ಷರ ಮಾಳವಕ್ಕೆ ಹೋದ ಮೇಲೆ ಉದುರಿಹೋಗಿದೆ, ಕೋಂಕಾಳಿ ಮಾತ್ರ ಉಳಿದಿದೆ.